ಒಂದೇ ಹೊಳೆಗೆ ಹನ್ನೆರಡು ಸಲ: ಕಾಡಿನ ನದಿಕಣಿವೆಯಲ್ಲಿ ಸಮುದಾಯದ ಸಂರಕ್ಷಣೆ ಮತ್ತು ನಡಿಗೆಗಳಿಗೆ ಸಮಗ್ರ ಮಾರ್ಗದರ್ಶಿ

ವಾರಾಂತ್ಯಕ್ಕೆ ನಲವತ್ತು ಜನರನ್ನು ಕರೆದುಕೊಂಡು ಹೋಗಿ, ಹೊಳೆಯ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕಿ, ನೂರು ಸಸಿ ನೆಟ್ಟು, ಗುಂಪಾಗಿ ನಿಂತು ಫೋಟೊ ತೆಗೆಸಿಕೊಂಡು ಬರುವುದು ಕಷ್ಟದ ಕೆಲಸವೇನಲ್ಲ. ಮುಂದಿನ ವರ್ಷ ಆ ನೂರರಲ್ಲಿ ಎಷ್ಟು ಬದುಕಿವೆ ಎಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ಸಿಗುವುದಿಲ್ಲ. ಈ ಕೆಲಸಕ್ಕಿಳಿದ ಮೊದಲ ವರ್ಷ ನಾನೂ ಹಾಗೆಯೇ ಮಾಡಿದೆ. ದಂಡೆಯ ತೀರಾ ಅಂಚಿನಲ್ಲಿ ನೆಟ್ಟ ಸಸಿಗಳೆಲ್ಲ ಮೊದಲ ನೆರೆಗೇ ಕೊಚ್ಚಿಹೋದವು. ಅದು ತಿಳಿದದ್ದು ಏಳು ತಿಂಗಳ ಮೇಲೆ, ಬೇರೆ ಕೆಲಸಕ್ಕೆಂದು ಅತ್ತ ಹೋದಾಗ.

ಅಂದಿನಿಂದ ಹಿಡಿದುಕೊಂಡ ಸೂತ್ರ ಒಂದೇ: ಹೊಸ ಹೊಸ ಜಾಗ ಹುಡುಕುವ ಆಸೆ ಬಿಟ್ಟು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ನಡಿಗೆಗೊಂದು, ಸಂರಕ್ಷಣೆಗೊಂದು ಎಂದು ಎರಡು ಖಾತೆ ತೆರೆಯಬಾರದು. ನೋಡಲು ಬಂದವರೇ ಅಳೆಯಲಿ, ಅಳೆದವರೇ ಮುಂದಿನ ತಿಂಗಳು ಕಳೆ ಕೀಳಲು ಬರಲಿ.

ಇದಕ್ಕೆ ಹಳೆಯ ಮೇಲ್ಪಂಕ್ತಿಯೂ ಇದೆ. 1900ರ ಕ್ರಿಸ್‌ಮಸ್ ದಿನ ಅಮೆರಿಕದ ಪಕ್ಷಿತಜ್ಞ ಫ್ರಾಂಕ್ ಚಾಪ್ಮನ್ ಕರೆ ಕೊಟ್ಟ ಹಕ್ಕಿ ಎಣಿಕೆಗೆ ಸೇರಿದವರು 27 ಜನ, ಎಣಿಸಿದ ಜಾಗಗಳು 25. ಹಬ್ಬದ ದಿನ ಹಕ್ಕಿ ಬೇಟೆಯಾಡುವ ರೂಢಿಗೆ ಬದಲಾಗಿ ಹಕ್ಕಿಗಳನ್ನು ಎಣಿಸೋಣ ಎಂಬುದು ಆ ಕರೆ. ಆ ಎಣಿಕೆ ಇಂದಿಗೂ ನಡೆಯುತ್ತಿದೆ. ಈಗ ಎಣಿಸುವವರು ಗೊತ್ತುಮಾಡಿದ ವೃತ್ತಗಳಿಗೇ ವರ್ಷ ವರ್ಷವೂ ಹಿಂದಿರುಗುತ್ತಾರೆ. ಎಣಿಕೆಗೆ ಬೆಲೆ ಬಂದದ್ದು ಆ ಹಿಂದಿರುಗುವಿಕೆಯಿಂದ.

ಮೊದಲ ಹೆಜ್ಜೆ: ಎರಡು ಕಿಲೋಮೀಟರ್ ಆರಿಸಿಕೊಳ್ಳಿ

ಇಡೀ ಕಣಿವೆಯನ್ನು ಉಳಿಸುತ್ತೇವೆಂದು ಹೊರಟ ಗುಂಪು ಆರು ತಿಂಗಳಲ್ಲಿ ದಣಿಯುತ್ತದೆ. ಹೊಳೆಯ ಉದ್ದಕ್ಕೆ ಎರಡು ಕಿಲೋಮೀಟರ್ ಸಾಕು. ಆ ತುಂಡಿನಲ್ಲಿ ಇವಿಷ್ಟು ಇದ್ದರೆ ಒಳ್ಳೆಯದು: ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ತೆಳುವಾಗಿ ಹರಿಯುವ ನೀರು, ಒಂದು ಮಡು, ಚಿಕ್ಕ ಹಳ್ಳವೊಂದು ಬಂದು ಕೂಡುವ ಜಾಗ, ಮರಗಳು ಬಾಗಿ ನೆರಳು ಕೊಡುವ ದಂಡೆ, ಮತ್ತು ಮರ ಕಳೆದುಕೊಂಡು ಬೋಳಾದ ದಂಡೆ. ಕೊನೆಯ ಎರಡು ಒಂದೇ ಹೊಳೆಯಲ್ಲಿ ಹತ್ತಿರ ಹತ್ತಿರ ಸಿಕ್ಕರೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಕಿಲ್ಲ.

ಯಾರನ್ನೂ ಕರೆಯುವ ಮೊದಲು ಆ ದಾರಿಯನ್ನು ನೀವು ಮತ್ತು ಇನ್ನೊಬ್ಬರು ಸೇರಿ ಕನಿಷ್ಠ ನಾಲ್ಕು ಸಲ ನಡೆಯಿರಿ: ಬೆಳಗ್ಗೆ, ನಡುಹಗಲು, ಇಳಿಹೊತ್ತು, ಮತ್ತು ಒಳ್ಳೆಯ ಮಳೆ ಬಂದು ನಿಂತ ಮಾರನೆಯ ದಿನ. ನಾಲ್ಕನೆಯ ನಡಿಗೆಯನ್ನು ತಪ್ಪಿಸಬೇಡಿ. ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಪೊದೆಗಳಿಗೆ ಸಿಕ್ಕಿಕೊಂಡ ತರಗೆಲೆ, ಕಡ್ಡಿ, ಹುಲ್ಲು ತೋರಿಸುತ್ತವೆ. ಆ ಗೆರೆಯನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಜನರನ್ನು ಎಲ್ಲಿ ಕೂರಿಸಬೇಕು, ಸಸಿಯನ್ನು ಎಲ್ಲಿ ನೆಡಬೇಕು, ಚೀಲಗಳನ್ನು ಎಲ್ಲಿಡಬೇಕು ಎಂಬ ಮೂರು ಪ್ರಶ್ನೆಗೂ ಆ ಗೆರೆಯೇ ಉತ್ತರ. ಜೊತೆಗೆ, ದಾರಿಯ ಪ್ರತಿ ಅರ್ಧ ಕಿಲೋಮೀಟರಿಗೆ ದಂಡೆಯಿಂದ ಮೇಲಕ್ಕೆ ಹತ್ತಿ ಹೋಗುವ ಜಾಗ ಯಾವುದು, ಮೊಬೈಲ್ ಸಂಕೇತ ಎಲ್ಲಿ ಸಿಗುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನೂ ಬರೆದುಕೊಳ್ಳಿ.

ಎರಡನೆಯದು: ಕೇಳಿಯೇ ಕಾಲಿಡಿ

ಅನುಮತಿ ಎರಡು ಬಗೆಯದು. ಕಾಗದದ ಅನುಮತಿಯನ್ನು ಆ ನೆಲದ ಹೊಣೆ ಹೊತ್ತ ಇಲಾಖೆಯಿಂದ ಅಥವಾ ಜಮೀನಿನ ಒಡೆಯರಿಂದ ಬರಹದಲ್ಲೇ ಪಡೆಯಿರಿ. ನಡಿಗೆಗೆ ಒಪ್ಪಿದ್ದಾರೆ ಎಂದರೆ ನೀರಿನ ಹುಳು ಹಿಡಿಯಲು, ಗಿಡ ಕೀಳಲು, ಸಸಿ ನೆಡಲು ಒಪ್ಪಿದಂತಲ್ಲ. ಒಂದೊಂದು ಕೆಲಸವನ್ನೂ ಹೆಸರಿಸಿ ಕೇಳಿ.

ಇನ್ನೊಂದು, ಕಣಿವೆಯಲ್ಲಿ ಬದುಕುವವರ ಒಪ್ಪಿಗೆ. ಮೀನು ಹಿಡಿಯುವವರು, ದನ ಮೇಯಿಸುವವರು, ಸೌದೆ ಜೇನು ತರುವವರು, ಕೆಳಗಡೆ ಗದ್ದೆಗೆ ಅದೇ ನೀರನ್ನು ತಿರುಗಿಸಿಕೊಳ್ಳುವವರು. ಹೊಳೆಯ ನಿಜವಾದ ಇತಿಹಾಸ ಇವರ ಬಾಯಲ್ಲಿದೆ: ಯಾವ ಮಡು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಯಾವ ಮೀನು ಕಾಣದೆ ಎಷ್ಟು ಕಾಲವಾಯಿತು, ಯಾವ ವರ್ಷದ ನೆರೆ ದಂಡೆಯನ್ನು ಕೊರೆಯಿತು. ಮೊದಲ ಸಭೆಯಲ್ಲಿ ನೀವು ಮಾತಾಡಬೇಡಿ, ಬರೆದುಕೊಳ್ಳಿ. ಕಾಡು, ಮೀನುಗಾರಿಕೆ, ನೀರಾವರಿಯಂಥ ಹಂಚಿಕೊಂಡ ಸಂಪತ್ತನ್ನು ಬಳಸುವವರೇ ನಿಯಮ ಮಾಡಿಕೊಂಡು ಬಹುಕಾಲ ಕಾಪಾಡಬಲ್ಲರು ಎಂಬುದನ್ನು ಜಗತ್ತಿನ ಹಲವೆಡೆಯ ಉದಾಹರಣೆಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡ ಒಂದು ಸಂಗತಿ ನಮಗೆ ನೇರವಾಗಿ ಬೇಕಾದದ್ದು: ಕಾವಲು ಕಾಯುವವರು ಬಳಕೆದಾರರಿಗೆ ಉತ್ತರ ಹೇಳಬೇಕಾದವರಾಗಿದ್ದ ಕಡೆ ನಿಯಮ ಉಳಿದಿದೆ. ಹಾಗಾಗಿ ನಿಮ್ಮ ತಂಡದಲ್ಲಿ ಕಣಿವೆಯವರು ದಾರಿ ತೋರಿಸುವ ಕೂಲಿಯಾಳುಗಳಾಗಿ ಉಳಿಯಬಾರದು. ಯಾವ ಜಾಗಕ್ಕೆ ಯಾವ ತಿಂಗಳು ಹೋಗಬಾರದು ಎಂದು ತೀರ್ಮಾನಿಸುವ ಹಕ್ಕು ಅವರ ಕೈಯಲ್ಲಿರಲಿ. ಮುಂದಾಳಾಗಿ ನಡೆದ ದಿನಕ್ಕೆ ಸರಿಯಾದ ಸಂಭಾವನೆಯನ್ನೂ ಕೊಡಿ. ಪರಿಸರದ ಕೆಲಸವೆಂಬ ಕಾರಣಕ್ಕೆ ಬಡವರ ದಿನಗೂಲಿಯನ್ನು ಪುಕ್ಕಟೆ ಪಡೆಯುವುದು ನನಗೆ ಸರಿಕಾಣುವುದಿಲ್ಲ.

ಮೂರನೆಯದು: ತಂಡ ಮತ್ತು ವರ್ಷದ ಪಟ್ಟಿ

ಐದಾರು ಜನ ಖಾಯಂ ಇದ್ದರೆ ಕೆಲಸ ನಡೆಯುತ್ತದೆ. ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ, ಉದಾಹರಣೆಗೆ ಎರಡನೆಯ ಭಾನುವಾರ. ಜನ ಬರಲಿ ಬಿಡಲಿ, ಆ ದಿನ ಖಾಯಂ ತಂಡ ಹೋಗಲೇಬೇಕು. ಹವಾಮಾನ ಎಚ್ಚರಿಕೆಯಿದ್ದರೆ ಮಾತ್ರ ವಿನಾಯಿತಿ. ಹನ್ನೆರಡರಲ್ಲಿ ಆರನ್ನು ಎಲ್ಲರಿಗೂ ತೆರೆದ ನಡಿಗೆಗಳಾಗಿಡಿ, ನಾಲ್ಕನ್ನು ಕೈಕೆಲಸಕ್ಕೆ ಇಡಿ. ಉಳಿದ ಎರಡರಲ್ಲಿ ಖಾಯಂ ತಂಡ ಮಾತ್ರ ಸದ್ದಿಲ್ಲದೆ ಹೋಗಿ ಅಳತೆ ಮುಗಿಸಿ ಬರಲಿ. ಹಕ್ಕಿಗಳು ಗೂಡು ಕಟ್ಟುವ, ಮೀನು ಮೊಟ್ಟೆಯಿಡುವ ಕಾಲಕ್ಕೆ ಆ ಎರಡನ್ನು ಹೊಂದಿಸಿ.

ನಾಲ್ಕನೆಯದು: ಜನರನ್ನು ನಡೆಸುವುದು

ಒಂದು ನಡಿಗೆಗೆ ಹನ್ನೆರಡು ಜನ, ಹೆಚ್ಚೆಂದರೆ ಹದಿನೈದು. ಅದಕ್ಕೂ ಹೆಚ್ಚಾದರೆ ಹಿಂದಿನವರಿಗೆ ಮುಂದಾಳಿನ ಮಾತು ಕೇಳಿಸುವುದಿಲ್ಲ, ಕೇಳಿಸುವಂತೆ ಮಾತಾಡಿದರೆ ಕಾಡು ಮೌನವಾಗುತ್ತದೆ. ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಕೊನೆಯವರಿಗಿಂತ ಯಾರೂ ಹಿಂದೆ ಉಳಿಯುವಂತಿಲ್ಲ, ಮುಂದಿನವರನ್ನು ಯಾರೂ ದಾಟುವಂತಿಲ್ಲ. ಎಷ್ಟು ಜನ ಹೊರಟರೋ ಅಷ್ಟನ್ನು ಪ್ರತಿ ನಿಲುಗಡೆಯಲ್ಲೂ ಎಣಿಸಿ.

ಹೊರಡುವ ಮುನ್ನ ಹತ್ತು ನಿಮಿಷ ನಿಂತು ಹೇಳಬೇಕಾದದ್ದನ್ನು ಹೇಳಿಬಿಡಿ: ದಾರಿಯ ಉದ್ದ, ಹಿಂದಿರುಗುವ ಹೊತ್ತು, ಯಾರಿಗೆ ಉಬ್ಬಸ ಅಥವಾ ಜೇನು ಕಡಿತದ ಅಲರ್ಜಿ ಇದೆ, ಯಾರ ಚೀಲದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆ. ಯಾರೂ ಹೇಳದೆ ನೀರಿಗಿಳಿಯುವಂತಿಲ್ಲ ಎಂಬುದನ್ನು ಎರಡು ಸಲ ಹೇಳಿ.

ನೀರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ರಭಸದ ನೀರು ಅರ್ಧ ಅಡಿಯಷ್ಟೇ ಇದ್ದರೂ ದೊಡ್ಡವರ ಕಾಲನ್ನು ಕೀಳಬಲ್ಲದು. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆಯಾಗಿದ್ದರೆ ಹೊಳೆ ಏರುತ್ತದೆ. ಅದರ ಮುನ್ಸೂಚನೆಗಳನ್ನು ಬಂದವರಿಗೆಲ್ಲ ಕಲಿಸಿ: ತಿಳಿನೀರು ಕೆಂಪಗೆ ಕದಡುವುದು, ತರಗೆಲೆ ಕಡ್ಡಿಗಳು ಒಮ್ಮೆಲೇ ಗುಂಪಾಗಿ ತೇಲಿಬರುವುದು, ಸದ್ದು ದಪ್ಪವಾಗುವುದು, ಈಗಷ್ಟೇ ಒಣಗಿದ್ದ ಕಲ್ಲು ಒದ್ದೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಮಾತು ನಿಲ್ಲಿಸಿ ಮೇಲಕ್ಕೆ ಹತ್ತಿ. ಆಚೆ ದಂಡೆಯಲ್ಲಿ ಏನೇ ಬಿಟ್ಟಿದ್ದರೂ ತರಲು ಹೋಗಬೇಡಿ. ಮೇಲ್ಗಡೆ ಅಣೆಕಟ್ಟು ಇದ್ದರೆ ನೀರು ಬಿಡುವ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ನಡಿಗೆ ಅಲ್ಲಿಗೇ ಮುಗಿಸಿ ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಸೇರಿಕೊಳ್ಳಿ. ಕೊನೆಯ ಗುಡುಗಿನ ಮೇಲೂ ಅರ್ಧ ಗಂಟೆ ಕಾಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು, ಅವರನ್ನು ನಡೆಸದೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಆಸ್ಪತ್ರೆಗೆ ಸೇರಿಸಿ.

ಶೌಚಕ್ಕೆ ಹೋಗುವವರು ನೀರಿನಿಂದ ಅರವತ್ತು ಮೀಟರ್, ಅಂದರೆ ಸುಮಾರು ಎಪ್ಪತ್ತು ಹೆಜ್ಜೆ ದೂರ ಹೋಗಿ, ಗೇಣುದ್ದದ ಗುಂಡಿ ತೋಡಿ ಮುಚ್ಚಬೇಕು. ಮುಜುಗರಪಟ್ಟು ಈ ಮಾತನ್ನು ಬಿಟ್ಟುಬಿಟ್ಟರೆ ಹೊಳೆಗೆ ಹಾನಿ.

ಬೂಟುಗಳ ಮಾತು ಇನ್ನೂ ಮುಖ್ಯ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಜಗತ್ತಿನಾದ್ಯಂತ 500ಕ್ಕೂ ಹೆಚ್ಚು ಉಭಯವಾಸಿ ಪ್ರಭೇದಗಳನ್ನು ಕುಗ್ಗಿಸಿದೆ, ಅವುಗಳಲ್ಲಿ 90ರಷ್ಟು ಅಳಿದೇಹೋಗಿವೆ ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಒದ್ದೆ ಬೂಟು, ಕೆಸರು ಹತ್ತಿದ ಬಲೆ ಇಂಥ ರೋಗವನ್ನೂ ಕಳೆ ಬೀಜವನ್ನೂ ಒಂದು ಹೊಳೆಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಬೇರೆ ಹೊಳೆಗೆ ಹೋಗಿಬಂದವರು ಬೂಟಿನ ಮಣ್ಣನ್ನು ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿಯೇ ಬರಲಿ.

ಇನ್ನು ನಡಿಗೆಯ ಒಳಗಣ ವಿಷಯ. ಎರಡು ಕಿಲೋಮೀಟರಿಗೆ ಮೂರು ಗಂಟೆ ಇಟ್ಟುಕೊಳ್ಳಿ. ಹೊಸ ಮುಂದಾಳುಗಳು ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಾ ಹೋಗುತ್ತಾರೆ, ಕೇಳುವವರು ಹತ್ತನೆಯ ಹೆಸರಿಗೆ ಸುಸ್ತಾಗುತ್ತಾರೆ. ಹೆಸರಿಗಿಂತ ಮೊದಲು ಪ್ರಶ್ನೆ ಬರಲಿ. ನೀರಿನ ನಡುವಿನ ಎತ್ತರದ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ಸೇರಿದ ಹಿಕ್ಕೆ ಕಂಡರೆ, “ಇದು ಯಾರದ್ದಿರಬಹುದು? ಕಣ್ಣಿಗೆ ಬೀಳುವ ಬಂಡೆಯನ್ನೇ ಏಕೆ ಆರಿಸಿತು?” ಎಂದು ಕೇಳಿ ಸುಮ್ಮನಿರಿ. ಊಹೆಗಳು ಬರಲಿ. ಇದು ನೀರುನಾಯಿ ಬಿಟ್ಟುಹೋದ ಗುರುತು, ಈ ಜಾಗ ತನ್ನದೆಂದು ಇತರ ನೀರುನಾಯಿಗಳಿಗೆ ಸಾರುವ ವಾಸನೆಯ ಸಂದೇಶ ಎಂದು ಆಮೇಲೆ ಹೇಳಿದರೆ ಆ ಮಾತು ಮನೆಯವರೆಗೂ ಹೋಗುತ್ತದೆ. ನಡುದಾರಿಯಲ್ಲಿ ಒಂದು ಕಡೆ ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ಕೂರುವುದನ್ನು ಕಡ್ಡಾಯ ಮಾಡಿ. ಮಿಂಚುಳ್ಳಿ ಹತ್ತಿರ ಬರುವುದು ಆಗಲೇ.

ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ಕೂಗನ್ನು ಹಾಕಬೇಡಿ. ಎದುರಾಳಿ ಬಂದನೆಂದು ಅದು ಗೂಡು ಬಿಟ್ಟು, ಮೇವು ಬಿಟ್ಟು ಕಾದಾಟಕ್ಕೆ ಬರುತ್ತದೆ. ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟುವುದನ್ನೂ ತಡೆಯಿರಿ. ಹೊಳೆಯ ಕಲ್ಲಿನ ಅಡಿಭಾಗವೇ ನೂರಾರು ಜೀವಿಗಳ ಮನೆ.

ಐದನೆಯದು: ಹೊಳೆಯನ್ನು ಅಳೆಯುವುದು

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಬೇಕಾದದ್ದು ಅಳತೆ ಟೇಪು, ಗಡಿಯಾರ, ಥರ್ಮಾಮೀಟರ್, ಒಂದು ಕೈಬಲೆ, ಬಿಳಿ ತಟ್ಟೆ, ಭೂತಗನ್ನಡಿ, ಪುಸ್ತಕ.

ಹರಿವಿನಿಂದ ಶುರು ಮಾಡಿ. ನೇರವಾಗಿ ಹರಿಯುವ, ನೀರು ಮೊಳಕಾಲಿಗಿಂತ ಕೆಳಗಿದ್ದು ನಿಧಾನವಾಗಿರುವ ಹತ್ತು ಮೀಟರ್ ಉದ್ದದ ತುಂಡನ್ನು ಗುರುತಿಸಿ. ಅಡ್ಡಲಾಗಿ ಟೇಪು ಹಿಡಿದು ಅಗಲ ಅಳೆಯಿರಿ. ಐದು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಒಂದು ಒಣ ಹಣ್ಣನ್ನೋ ಕಡ್ಡಿಯನ್ನೋ ತೇಲಿಬಿಟ್ಟು ಹತ್ತು ಮೀಟರ್ ದಾಟಲು ಹಿಡಿಯುವ ಸಮಯವನ್ನು ಮೂರು ಸಲ ನೋಡಿ. ಅಗಲ 4 ಮೀಟರ್, ಸರಾಸರಿ ಆಳ 0.3 ಮೀಟರ್ ಎಂದುಕೊಳ್ಳಿ: ಅಡ್ಡಕೊಯ್ತ 1.2 ಚದರ ಮೀಟರ್. ಹತ್ತು ಮೀಟರಿಗೆ 20 ಸೆಕೆಂಡ್ ಆದರೆ ವೇಗ ಸೆಕೆಂಡಿಗೆ 0.5 ಮೀಟರ್. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಅಡ್ಡಕೊಯ್ತವನ್ನು ವೇಗದಿಂದ ಗುಣಿಸಿ ಬಂದದ್ದನ್ನು ಮತ್ತೆ 0.85ರಿಂದ ಗುಣಿಸಬೇಕು. ಬರುವುದು 0.51 ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 510 ಲೀಟರ್. ತಮ್ಮ ಕಾಲ ಮೇಲೆ ಹರಿದ ನೀರನ್ನು ಲೀಟರಿನಲ್ಲಿ ಲೆಕ್ಕ ಹಾಕಿದ ಮಕ್ಕಳ ಮುಖವನ್ನು ನೀವೇ ನೋಡಬೇಕು.

ಆಮೇಲೆ ತಾಪ. ನೆರಳಿನ ದಂಡೆಯ ನೀರು, ಬೋಳು ದಂಡೆಯ ನೀರು ಎರಡನ್ನೂ ಅಳೆಯಿರಿ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಕಡಿಮೆ: ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.6. ದಂಡೆಯ ಮರ ಕಡಿದರೆ ಮೀನಿಗೆ ಏಕೆ ಉಸಿರು ಕಟ್ಟುತ್ತದೆ ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಕೊನೆಗೆ ನೀರಿನ ಹುಳುಗಳು. ಸದ್ದು ಮಾಡುವ ತೆಳುನೀರಿನಲ್ಲಿ ಹರಿವಿಗೆ ಎದುರಾಗಿ ಬಲೆ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಮೆಲ್ಲಗೆ ಕೆದಕಿ. ಒಟ್ಟು ಮೂರು ನಿಮಿಷ ಸಾಕು. ಬಲೆಗೆ ಬಂದುದನ್ನು ಹೊಳೆಯದೇ ನೀರು ತುಂಬಿದ ಬಿಳಿ ತಟ್ಟೆಗೆ ಬಿಡಿ. ಮೂರು ಗುಂಪುಗಳನ್ನು ಮೊದಲು ಹುಡುಕಿ. ಹೊಟ್ಟೆಯ ಪಕ್ಕಗಳಲ್ಲಿ ಗರಿಯಂಥ ಕಿವಿರು, ಸಾಮಾನ್ಯವಾಗಿ ಮೂರು ಬಾಲ ಇದ್ದರೆ ಅದು ಮೇಫ್ಲೈ ಮರಿ. ಎರಡೇ ಬಾಲ, ಪ್ರತಿ ಪಾದದ ತುದಿಗೆ ಎರಡು ಕೊಕ್ಕೆ ಇದ್ದರೆ ಸ್ಟೋನ್‌ಫ್ಲೈ. ಮರಳ ಕಣ, ಕಡ್ಡಿ ಚೂರುಗಳನ್ನು ತನ್ನದೇ ರೇಷ್ಮೆಯಿಂದ ಹೆಣೆದು ಕೊಳವೆ ಮಾಡಿಕೊಂಡು ಒಳಗೆ ಕೂತಿದ್ದರೆ ಕ್ಯಾಡಿಸ್‌ಫ್ಲೈ; ಇವುಗಳಲ್ಲಿ ಕೆಲವು ಕೊಳವೆ ಕಟ್ಟದೆ ಬಲೆ ನೇಯುತ್ತವೆ. ಈ ಮೂರರಲ್ಲೂ ಹೆಚ್ಚಿನವು ಆಮ್ಲಜನಕ ತುಂಬಿದ ಶುದ್ಧ ನೀರನ್ನು ಬೇಡುತ್ತವೆ. ಇವು ಕಾಣೆಯಾಗಿ ಕೆಂಪು ಹುಳುಗಳಂಥ ಸೊಳ್ಳೆನೊಣದ ಮರಿಗಳು ಮಾತ್ರ ತುಂಬಿದ್ದರೆ ಮೇಲ್ಗಡೆಯಿಂದ ಕೊಳಕು ಸೇರುತ್ತಿದೆಯೇ ಎಂದು ಹುಡುಕಬೇಕು. ಆದರೆ ಒಂದೇ ತಟ್ಟೆ ನೋಡಿ ತೀರ್ಪು ಕೊಡಬೇಡಿ: ರೆಕ್ಕೆ ಬಂದು ಹಾರಿಹೋಗುವ ಕಾಲದಲ್ಲೂ ಮರಿಗಳು ಕಡಿಮೆ ಕಾಣುತ್ತವೆ. ಹೋದ ವರ್ಷದ ಇದೇ ತಿಂಗಳ ಪುಟ ತೆರೆದು ಹೋಲಿಸಿ. ಹದಿನೈದು ನಿಮಿಷದೊಳಗೆ ಎಲ್ಲವನ್ನೂ ಹಿಡಿದ ಜಾಗಕ್ಕೇ ಬಿಡಿ; ತಟ್ಟೆಯ ನೀರು ಬಿಸಿಲಿಗೆ ಬೇಗ ಕಾಯುತ್ತದೆ.

ಆರನೆಯದು: ಕಳೆ, ಸಸಿ, ಬಿದ್ದ ಮರ

ಬಿದ್ದ ಮರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನವರು ಹೆಚ್ಚು ಹಾನಿ ಮಾಡುವುದು ಇಲ್ಲಿ. “ಹೊಳೆ ಸ್ವಚ್ಛ ಮಾಡೋಣ” ಎಂದು ನೀರಿಗಡ್ಡ ಬಿದ್ದ ದಿಮ್ಮಿ, ಕೊಂಬೆ, ತರಗೆಲೆಯ ರಾಶಿಯನ್ನೆಲ್ಲ ಎಳೆದು ಹಾಕುತ್ತಾರೆ. ದಿಮ್ಮಿಯ ಹಿಂದೆ ನೀರು ನಿಧಾನವಾಗಿ ಮಡುವಾಗುತ್ತದೆ, ಮೀನಿನ ಮರಿಗೆ ಆಸರೆ ಸಿಗುತ್ತದೆ. ಕಾಡಿನ ಸಣ್ಣ ತೊರೆಗಳಲ್ಲಿ ಆಹಾರದ ಬಹುಪಾಲು ಬರುವುದು ಉದುರಿದ ಎಲೆಯಿಂದಲೇ. ಮನುಷ್ಯ ಎಸೆದದ್ದನ್ನು ಮಾತ್ರ ತೆಗೆಯಿರಿ. ಕಾಡು ಬೀಳಿಸಿದ್ದನ್ನು ಬಿಡಿ. ಸೇತುವೆಯ ಕಣ್ಣು ಮುಚ್ಚಿ ಅಪಾಯವಾಗಿದ್ದರೆ ಸಂಬಂಧಪಟ್ಟ ಇಲಾಖೆಗೆ ತಿಳಿಸಿ.

ಕಳೆಯಲ್ಲಿ ಮೊದಲು ಮೇಲ್ಗಡೆಯಿಂದ ಕೆಳಕ್ಕೆ ಬನ್ನಿ. ನೀರು ಬೀಜವನ್ನು ಕೆಳಗೆ ಒಯ್ಯುವುದರಿಂದ ಕೆಳಗಡೆ ಕಿತ್ತು ಮೇಲ್ಗಡೆ ಬಿಟ್ಟರೆ ಶ್ರಮ ವ್ಯರ್ಥ. ಹೂ ಕಾಯಾಗುವ ಮುಂಚೆ ಕೆಲಸ ಮುಗಿಸಿ. ಲಂಟಾನದಂಥ ಪೊದೆಯನ್ನು ಬುಡಕ್ಕೆ ಕತ್ತರಿಸಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಬುಡದ ಮಣ್ಣು ಬಿಡಿಸಿ, ತಾಯಿಬೇರನ್ನು ನೆಲಮಟ್ಟದಿಂದ ನಾಲ್ಕು ಬೆರಳು ಕೆಳಗೆ ಕಡಿದು, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಬೇಕು. ಮಣ್ಣಿನಲ್ಲಿ ಉಳಿದ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ, ಹಾಗಾಗಿ ಕನಿಷ್ಠ ಎರಡು ವರ್ಷ ಅದೇ ಜಾಗಕ್ಕೆ ಬಂದು ಸಸಿ ಕೀಳಬೇಕು. ಕೀಳುವ ಮೊದಲು ಪೊದೆಯೊಳಗೆ ಗೂಡಿದೆಯೇ ನೋಡಿ. ಕಡಿದಾದ ದಂಡೆಯಲ್ಲಿ ಎಲ್ಲವನ್ನೂ ಒಂದೇ ದಿನ ಬೋಳಿಸಿದರೆ ಮಣ್ಣು ನೀರಿಗಿಳಿಯುತ್ತದೆ. ತುಂಡು ತುಂಡಾಗಿ ಮಾಡಿ.

ಸಸಿ ನೆಡುವುದನ್ನು ಕೊನೆಗಿಟ್ಟದ್ದು ಬೇಕೆಂದೇ. ಎಷ್ಟೋ ಕಡೆ ಕಳೆ ತೆಗೆದು, ಮೇಯುವುದನ್ನು ಊರವರ ಒಪ್ಪಿಗೆಯಿಂದ ಸ್ವಲ್ಪ ಕಾಲ ತಡೆದರೆ ಕಾಡು ತಾನೇ ಬರುತ್ತದೆ. ನೆಡಲೇಬೇಕಾದ ಕಡೆ, ಅದೇ ಕಣಿವೆಯ ಮರಗಳಿಂದ ಬೀಜ ತಂದು ಸ್ವಂತ ನರ್ಸರಿಯಲ್ಲಿ ಬೆಳೆಸಿ. ಒಂದೇ ತಾಯಿಮರದಿಂದ ತರದೆ ಹಲವು ಮರಗಳಿಂದ ತನ್ನಿ. ನೀರಿನ ಅಂಚಿಗೆ ನೆರೆಯಲ್ಲಿ ಬಾಗಿ ಮತ್ತೆ ಏಳುವ ಪೊದೆಗಳು, ನೀವು ಗುರುತಿಸಿದ ನೆರೆಯ ಗೆರೆಯ ಮೇಲೆ ಮರಗಳು. ಹೊಳೆಯ ಎರಡೂ ಬದಿಗೆ ಮೂವತ್ತು ಮೀಟರ್ ಅಗಲದ ಹಸಿರು ಪಟ್ಟಿ ಸಿಕ್ಕರೆ ಹೊಳೆಗೆ ನೆರಳೂ ಸಿಗುತ್ತದೆ, ಕೊಚ್ಚಿಬರುವ ಮಣ್ಣೂ ಬಹುಮಟ್ಟಿಗೆ ತಡೆಯುತ್ತದೆ. ನೂರು ನೆಟ್ಟು ಮರೆಯುವುದಕ್ಕಿಂತ ಇಪ್ಪತ್ತು ನೆಟ್ಟು ಪ್ರತಿಯೊಂದಕ್ಕೂ ಸಂಖ್ಯೆ ಕೊಡಿ. ವರ್ಷದ ಕೊನೆಗೆ ಬದುಕಿದ್ದನ್ನೂ ಸತ್ತದ್ದನ್ನೂ ಬರೆಯಿರಿ, ಸತ್ತದ್ದಕ್ಕೆ ಕಾರಣವನ್ನೂ.

ಏಳನೆಯದು: ಬರೆಯಬೇಕಾದದ್ದು, ಬಚ್ಚಿಡಬೇಕಾದದ್ದು

ಐದು ಕಡೆ ಗೂಟ ನೆಟ್ಟು ಅಥವಾ ಬಂಡೆಯನ್ನು ಗುರುತಿಟ್ಟುಕೊಂಡು, ಪ್ರತಿ ತಿಂಗಳು ಅದೇ ಜಾಗದಿಂದ ಅದೇ ದಿಕ್ಕಿಗೆ ಒಂದೊಂದು ಫೋಟೊ ತೆಗೆಯಿರಿ. ಹಿಂದಿನ ಫೋಟೊವನ್ನು ಕೈಯಲ್ಲಿಟ್ಟುಕೊಂಡು ಅಂಚು ಹೊಂದಿಸಿ. ಅಂಕಿಗಳು ಕಾಗದದ ಪುಸ್ತಕದಲ್ಲೂ ಇರಲಿ, ಕಂಪ್ಯೂಟರಿನಲ್ಲೂ ಇರಲಿ. ಏನೂ ಕಾಣದ ದಿನವನ್ನೂ “ಕಾಣಲಿಲ್ಲ” ಎಂದು ಬರೆಯಿರಿ. ಖಾಲಿ ಬಿಟ್ಟ ಪುಟಕ್ಕೂ ಸೊನ್ನೆಗೂ ಬಹಳ ಅಂತರ.

ಕಂಡದ್ದನ್ನು ದಾಖಲಿಸಲು ಜಾಲತಾಣಗಳೂ ಇವೆ: ಹಕ್ಕಿಗಳಿಗೆ 2002ರಿಂದ ನಡೆಯುತ್ತಿರುವ ಇಬರ್ಡ್, ಎಲ್ಲ ಜೀವಿಗಳಿಗೆ 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್. ನಿಮ್ಮ ದಾಖಲೆ ಅಲ್ಲಿ ಸೇರಿದರೆ ಸಂಶೋಧಕರಿಗೂ ದಕ್ಕುತ್ತದೆ. ಆದರೆ ಗೂಡು, ಬಿಲ, ಅಪರೂಪದ ಆರ್ಕಿಡ್, ಕಳ್ಳಬೇಟೆಗೆ ಗುರಿಯಾಗುವ ಪ್ರಾಣಿ ಇವುಗಳ ನಿಖರ ಜಾಗವನ್ನು ಎಲ್ಲಿಯೂ ಹಾಕಬೇಡಿ. ಅಪಾಯದ ಅಂಚಿನಲ್ಲಿರುವ ಹಲವು ಪ್ರಭೇದಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನಾಗಿಯೇ ಮಸುಕು ಮಾಡುತ್ತದೆ, ಉಳಿದದ್ದಕ್ಕೆ ಆ ಆಯ್ಕೆಯನ್ನು ನೀವೇ ಒತ್ತಬೇಕು. ನಡಿಗೆಗೆ ಬಂದವರ ಫೋಟೊಗಳಲ್ಲೂ ಜಾಗದ ಗುರುತು ಅಡಗಿರುತ್ತದೆ ಎಂಬುದನ್ನು ಹೊರಡುವ ಮುಂಚೆಯೇ ಹೇಳಿ.

ವರ್ಷಕ್ಕೊಮ್ಮೆ ಈ ಪುಸ್ತಕವನ್ನು ಕಣಿವೆಯವರ ಮುಂದೆ ತೆರೆದಿಡಿ. ಹರಿವಿನ ಹನ್ನೆರಡು ಅಂಕಿ, ತಾಪದ ಹನ್ನೆರಡು ಜೋಡಿ, ಬದುಕಿದ ಸಸಿಗಳ ಸಂಖ್ಯೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ತಪ್ಪಿದ್ದರೆ ತಿದ್ದಲು ಪೆನ್ನನ್ನು ಅವರ ಕೈಗೆ ಕೊಡಿ. ಮುಂದಿನ ವರ್ಷ ಯಾವ ತಿಂಗಳು ಹೊಳೆಯನ್ನು ಒಂಟಿಯಾಗಿ ಬಿಡಬೇಕೆಂದು ಅದೇ ಸಭೆಯಲ್ಲಿ ಗೊತ್ತುಮಾಡಿ. ಪುಸ್ತಕದ ಒಂದು ಪ್ರತಿ ಅಲ್ಲಿಯ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಉಳಿಯಲಿ. ಅಳತೆ ಹಿಡಿಯುವ ಕೆಲಸವನ್ನು ಕಲಿತ ಎರಡನೆಯವರ ಹೆಸರನ್ನು ಅದರ ಮೊದಲ ಪುಟದಲ್ಲಿ ಬರೆಯಿರಿ, ಮುಂದಿನ ಎರಡನೆಯ ಭಾನುವಾರ ಬಲೆ ಅವರ ಕೈಯಲ್ಲಿರಲಿ.